ಕ್ಯಾಥರೀನ್ ಡನ್ಹ್ಯಾಮ್

ಕ್ಯಾಥರೀನ್ ಡನ್ಹ್ಯಾಮ್ (ಜೂನ್ 22, 1909 – ಮೇ 21, 2006) ಅಮೆರಿಕದ ನರ್ತಕಿ, ನೃತ್ಯ ಸಂಯೋಜಕಿ ಮತ್ತು ಮಾನವಶಾಸ್ತ್ರಜ್ಞೆ. ಗುಲಾಮರಾಗಿ ಕೆರಿಬಿಯನ್ ದ್ವೀಪಗಳಿಗೂ ಅಮೆರಿಕ ಖಂಡಗಳಿಗೂ ಒಯ್ಯಲ್ಪಟ್ಟ ಆಫ್ರಿಕನ್ನರು ಉಳಿಸಿಕೊಂಡು ಬಂದ ಕುಣಿತ ಮತ್ತು ಚರ್ಮವಾದ್ಯಗಳ ಪರಂಪರೆಯನ್ನು ಅಧ್ಯಯನ ಮಾಡಿ, ಅದನ್ನು ರಂಗಕ್ಕೆ ತಂದು, ಮುಂದೆ ಇಲಿನಾಯ್ ರಾಜ್ಯದ ಈಸ್ಟ್ ಸೇಂಟ್ ಲೂಯಿಸ್ ನಗರದ ಯುವಜನರಿಗೆ ಕಲಿಸಿದವರು.

ಕ್ಷೇತ್ರಕಾರ್ಯ

ಶಿಕಾಗೋ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯಾಗಿದ್ದಾಗ ರೋಸೆನ್‌ವಾಲ್ಡ್ ನಿಧಿಯ ನೆರವಿನಿಂದ 1935–36ರಲ್ಲಿ ಜಮೈಕಾ, ಮಾರ್ಟಿನಿಕ್, ಟ್ರಿನಿಡಾಡ್ ಮತ್ತು ಹೈಟಿಗಳಲ್ಲಿ ಸಂಚರಿಸಿದರು. ಹೈಟಿಯಲ್ಲಿ ವೋಡೂ ಧರ್ಮದ ದೀಕ್ಷೆಯನ್ನೂ ಪಡೆದರು. ಅಲ್ಲಿನ ಆರಾಧನೆಯಲ್ಲಿ ಗಾತ್ರದಲ್ಲಿ ಭಿನ್ನವಾದ ಮೂರು ಡೋಲುಗಳು ಒಟ್ಟಿಗೆ ನುಡಿಯುತ್ತವೆ. ಚಿಕ್ಕ ಡೋಲುಗಳು ಲಯವನ್ನು ಹಿಡಿದಿರುವಾಗ ತಾಯಿ ಎಂಬ ಹೆಸರಿನ ದೊಡ್ಡ ಡೋಲು ಅದನ್ನು ಮುರಿಯುತ್ತದೆ. ಕುಣಿಯುವವರು ಕೂಡಲೇ ಚಲನೆ ಬದಲಿಸುತ್ತಾರೆ. ಆದ್ದರಿಂದ ವಾದನವನ್ನು ಬಿಟ್ಟು ಕುಣಿತವನ್ನಷ್ಟೇ ಕಲಿಯುವುದು ಇಲ್ಲಿ ಅರ್ಥಹೀನ. ಸರ್ಪದೈವ ದಂಬಾಲಾನಿಗೆ ಸಲ್ಲುವ, ಬೆನ್ನುಹುರಿ ಅಲೆಯಂತೆ ಬಳುಕುವ ಯಾನ್ವಾಲು ನೃತ್ಯವು ಮುಂದೆ 'ಡನ್ಹ್ಯಾಮ್ ಪದ್ಧತಿ'ಯ ಪಾಠಗಳಲ್ಲಿ ಸೇರಿತು.

ರಂಗಜೀವನ

ಅವರ ತಂಡವು ಹಲವಾರು ದೇಶಗಳಲ್ಲಿ ಪ್ರದರ್ಶನ ನೀಡಿತು. 1951ರಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಪ್ರದರ್ಶಿಸಿದ 'ಸೌತ್‌ಲ್ಯಾಂಡ್' ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವ ಪಿಡುಗನ್ನು ಕುರಿತದ್ದು. ನ್ಯೂಯಾರ್ಕ್‌ನಲ್ಲಿದ್ದ ಅವರ ಶಾಲೆಯಲ್ಲಿ ಅರ್ಥಾ ಕಿಟ್ ಮೊದಲಾದವರು ಕಲಿತರು.

ಈಸ್ಟ್ ಸೇಂಟ್ ಲೂಯಿಸ್

1917ರ ಜನಾಂಗೀಯ ಹತ್ಯಾಕಾಂಡದ ನೆನಪನ್ನು ಹೊತ್ತ ಈ ನಗರವು 1960ರ ದಶಕದ ವೇಳೆಗೆ ಕಾರ್ಖಾನೆಗಳನ್ನೂ ಉದ್ಯೋಗಗಳನ್ನೂ ಕಳೆದುಕೊಳ್ಳುತ್ತಿತ್ತು. ಯುವಕರು ಬೀದಿ ಗುಂಪುಗಳಲ್ಲಿ ಹಂಚಿಹೋಗಿದ್ದರು. ಜಗತ್ಪ್ರಸಿದ್ಧ ಕಲಾವಿದೆಯೊಬ್ಬರು ತಮ್ಮ ಐವತ್ತರ ಕೊನೆಯಲ್ಲಿ ಇಂತಹ ಊರನ್ನು ಆರಿಸಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. 1967ರಲ್ಲಿ ಒಬ್ಬ ಯುವಕನ ಬಂಧನವನ್ನು ಪ್ರಶ್ನಿಸಲು ಪೊಲೀಸ್ ಠಾಣೆಗೆ ಹೋದ ಅವರನ್ನೂ ಬಂಧಿಸಲಾಯಿತು. ಅದೇ ವರ್ಷ ಸದರ್ನ್ ಇಲಿನಾಯ್ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಪ್ರದರ್ಶನ ಕಲೆಗಳ ತರಬೇತಿ ಕೇಂದ್ರವನ್ನು ಆರಂಭಿಸಿದರು.

ನೃತ್ಯವೆಂದರೆ ಹಿಂಜರಿಯುತ್ತಿದ್ದ ಹುಡುಗರನ್ನು ಡೋಲುವಾದನ ಮತ್ತು ಸಮರಕಲೆಗಳ ತರಗತಿಗಳು ಒಳಗೆ ಕರೆತಂದವು. ಆಫ್ರಿಕಾದ ಭಾಷೆಗಳೂ ನಾಟಕವೂ ಪಾಠಕ್ರಮದಲ್ಲಿದ್ದವು. ಪುಸ್ತಕದಿಂದ ಲಯ ಬಾರದೆಂದು ಅರಿತಿದ್ದ ಡನ್ಹ್ಯಾಮ್, ಸೆನೆಗಲ್‌ನ ವಾದಕ ಮೋರ್ ಚಾಮ್ ಅವರನ್ನು ಅಲ್ಲಿಗೆ ಕರೆಸಿಕೊಂಡರು. 1970ರಲ್ಲಿ ಕೇಂದ್ರದ ಕಿರಿಯರು ವಾಷಿಂಗ್ಟನ್‌ನಲ್ಲಿ ಮಕ್ಕಳ ಕುರಿತ ಶ್ವೇತಭವನದ ಸಮ್ಮೇಳನದಲ್ಲಿ ಪ್ರದರ್ಶನ ನೀಡಿದರು.

ನಂತರದ ವರ್ಷಗಳು

1983ರಲ್ಲಿ ಕೆನೆಡಿ ಸೆಂಟರ್ ಗೌರವ ಸಂದಿತು. ದೋಣಿಗಳಲ್ಲಿ ಬಂದ ಹೈಟಿಯ ನಿರಾಶ್ರಿತರನ್ನು ಅಮೆರಿಕ ಹಿಂದಕ್ಕೆ ಕಳುಹಿಸುತ್ತಿದ್ದುದನ್ನು ವಿರೋಧಿಸಿ, 1992ರಲ್ಲಿ ತಮ್ಮ 82ನೆಯ ವಯಸ್ಸಿನಲ್ಲಿ ಈಸ್ಟ್ ಸೇಂಟ್ ಲೂಯಿಸ್‌ನ ಮನೆಯಲ್ಲಿ 47 ದಿನ ಉಪವಾಸ ನಡೆಸಿದರು. ಅವರ ಸಂಗ್ರಹದ ವಾದ್ಯಗಳು, ವೇಷಭೂಷಣಗಳು ಮತ್ತು ಕಲಾಕೃತಿಗಳನ್ನು ಅದೇ ನಗರದ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಅವರ ಶಿಷ್ಯರು ಡನ್ಹ್ಯಾಮ್ ಪದ್ಧತಿಯನ್ನು ಇಂದಿಗೂ ಡೋಲಿನ ಪ್ರತ್ಯಕ್ಷ ವಾದನದೊಂದಿಗೆ ಕಲಿಸುತ್ತಿದ್ದಾರೆ.