ಗಣಿಯಂತ್ರಗಳಿಗೆ ಬೆಂಕಿಯ ಕಾವಲು

ಗಣಿಯ ಬೆಂಕಿ ಎಂದೊಡನೆ ನಮ್ಮ ವಿಜ್ಞಾನ ಪಠ್ಯಗಳಲ್ಲಿ ಬರುತ್ತಿದ್ದುದು ಒಂದೇ ಹೆಸರು, ಹಂಫ್ರಿ ಡೇವಿ. 1815ರಲ್ಲಿ ಆತ ರೂಪಿಸಿದ ಸುರಕ್ಷಾದೀಪದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಚರಿತ್ರೆ ಮಾತ್ರ ಅಲ್ಲಿ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಗಣಿಯೊಳಕ್ಕೆ ಇಳಿದ ಯಂತ್ರಗಳು ತಮ್ಮೊಡನೆ ರಬ್ಬರು, ಎಣ್ಣೆ, ವಿದ್ಯುತ್ತುಗಳನ್ನೂ ಒಯ್ದವು. ಡೇವಿಯ ತಂತಿಬಲೆ ಇವುಗಳ ಮುಂದೆ ನಿರುಪಯೋಗಿ.

ಮೊದಲ ದೊಡ್ಡ ಎಚ್ಚರಿಕೆ ಬಂದದ್ದು ಇಂಗ್ಲೆಂಡಿನಿಂದ. 1950ರ ಸೆಪ್ಟೆಂಬರ್ 26ರಂದು ಡಾರ್ಬಿಶೈರಿನ ಕ್ರೆಸ್‌ವೆಲ್ ಗಣಿಯಲ್ಲಿ ಕಲ್ಲಿದ್ದಲು ಸಾಗಿಸುವ ರಬ್ಬರು ಪಟ್ಟಿ ಹರಿದು ಸಿಕ್ಕಿಕೊಂಡು, ಘರ್ಷಣೆಯಿಂದ ಹೊತ್ತಿಕೊಂಡಿತು. ಸತ್ತವರು 80 ಮಂದಿ. ಅವರನ್ನು ಕೊಂದದ್ದು ಜ್ವಾಲೆಗಿಂತ ಹೆಚ್ಚಾಗಿ ಕಾರ್ಬನ್ ಮಾನಾಕ್ಸೈಡ್. ಆ ಬಳಿಕ ಅಲ್ಲಿ ಸುಲಭವಾಗಿ ಉರಿಯದ ಪಟ್ಟಿಗಳು ಬಳಕೆಗೆ ಬಂದವು.

ಎರಡನೆಯದು ಬೆಲ್ಜಿಯಮ್ಮಿನದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎರಡನೆಯ ಮಹಾಯುದ್ಧದ ನಂತರ ಬೆಲ್ಜಿಯಮ್ಮಿಗೆ ಗಣಿಗಿಳಿಯುವ ಆಳುಗಳು ಬೇಕಿತ್ತು, ಇಟಲಿಗೆ ಕಲ್ಲಿದ್ದಲು ಬೇಕಿತ್ತು. 1946ರಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು. ಮನುಷ್ಯರನ್ನು ಕೊಟ್ಟು ಇದ್ದಿಲು ಕೊಂಡಂತಹ ಆ ಒಪ್ಪಂದವನ್ನು ಓದುವಾಗ ಇಂದಿಗೂ ಮನಸ್ಸು ಮುದುಡುತ್ತದೆ. ಹಾಗೆ ಹೋದ ಹಲವರು ಶಾರ್ಲ್‌ರ್ವಾ ಬಳಿಯ ಮಾರ್ಸಿನೆಲ್‌ನ ಬ್ವಾ ದ್ಯು ಕಾಝಿಯೆ ಗಣಿಯಲ್ಲಿದ್ದರು. 1956ರ ಆಗಸ್ಟ್ 8ರ ಬೆಳಿಗ್ಗೆ 975 ಮೀಟರ್ ಆಳದಲ್ಲಿ, ಗಣಿತೊಟ್ಟಿಲೊಳಕ್ಕೆ ಪೂರ್ತಿ ಸೇರದೆ ಹೊರಚಾಚಿದ್ದ ಒಂದು ಬಂಡಿಯನ್ನು ತಪ್ಪು ತಿಳಿವಳಿಕೆಯಿಂದ ಹಾಗೆಯೇ ಮೇಲೆಳೆಯಲಾಯಿತು. ಅದು ತೊಲೆಗೆ ಬಡಿದು, ಎಣ್ಣೆಯ ಕೊಳವೆ, ವಿದ್ಯುತ್ ತಂತಿಗಳು, ಒತ್ತಡದ ಗಾಳಿಯ ಕೊಳವೆ, ದೂರವಾಣಿಯ ತಂತಿ ಎಲ್ಲವೂ ಏಕಕಾಲಕ್ಕೆ ತುಂಡಾದವು. ಕಿಡಿ, ಇಂಧನ, ಗಾಳಿ ಮೂರೂ ಒಂದೆಡೆ ಕೂಡಿದವು. ಕರೆದು ಹೇಳಲು ದೂರವಾಣಿಯೂ ಉಳಿಯಲಿಲ್ಲ.

ಬಟ್ಟಲಲ್ಲಿ ನಿಂತ ಎಣ್ಣೆಗೆ ಕಡ್ಡಿ ಗೀರಿದರೆ ಅದು ಬೇಗನೆ ಹೊತ್ತುವುದಿಲ್ಲ. ಒಗ್ಗರಣೆಯ ಸೌಟಿನಿಂದ ಸಿಡಿದ ಹನಿ ಒಲೆಯ ಜ್ವಾಲೆಗೆ ಬಿದ್ದರೆ ಭಗ್ಗೆನ್ನುತ್ತದೆ. ಒತ್ತಡದಲ್ಲಿದ್ದ ಎಣ್ಣೆ ಕೊಳವೆ ಒಡೆದಾಗ ಮಂಜಿನಂತೆ ಸಿಂಪಡಿಸಿ ಹೊರಬರುತ್ತದೆ, ಅಪಾಯವೆಲ್ಲ ಅಲ್ಲಿದೆ. ಮಾರ್ಸಿನೆಲ್‌ನಲ್ಲಿ ಬೆಂಕಿ ಹುಟ್ಟಿದ ಬಾವಿ ಗಣಿಗೆ ಶುದ್ಧಗಾಳಿ ಒದಗಿಸುವ ಬಾವಿಯಾಗಿತ್ತು. ಉಸಿರು ಹೋಗಬೇಕಾದ ದಾರಿಯಲ್ಲಿಯೇ ಹೊಗೆ ಒಳಹೋಯಿತು. ಇಳಿದಿದ್ದವರು 275 ಮಂದಿ, ಬದುಕಿದವರು 13. ಸತ್ತ 262 ಜನರಲ್ಲಿ 136 ಮಂದಿ ಇಟಲಿಯವರು. ಗಣಿಯ ಕಬ್ಬಿಣದ ಬಾಗಿಲಿನ ಹೊರಗೆ ಹೆಂಗಸರು, ಮಕ್ಕಳು ಎರಡು ವಾರ ಕಾದರು. ಕೊನೆಗೆ ಮೇಲೆ ಬಂದ ರಕ್ಷಣಾ ಕಾರ್ಯಕರ್ತನೊಬ್ಬ ಅವರದೇ ಭಾಷೆಯಲ್ಲಿ, ಎಲ್ಲರೂ ಹೆಣ, ಎಂದನಂತೆ.

ಇದರ ಫಲವಾಗಿ 1957ರಲ್ಲಿ ಯುರೋಪಿನ ಕಲ್ಲಿದ್ದಲು ಉಕ್ಕು ಸಮುದಾಯವು ಗಣಿ ಸುರಕ್ಷತೆಗೆ ಶಾಶ್ವತ ಆಯೋಗವೊಂದನ್ನು ರಚಿಸಿತು. ಯಂತ್ರಗಳಲ್ಲಿ ಖನಿಜತೈಲದ ಬದಲು ಸುಲಭವಾಗಿ ಹೊತ್ತಿಕೊಳ್ಳದ, ಎಷ್ಟೋ ಸಲ ನೀರನ್ನೇ ಬೆರೆಸಿದ, ದ್ರವಗಳನ್ನು ಬಳಸುವ ಪರೀಕ್ಷೆಗಳನ್ನು ಆ ಆಯೋಗ ಮುಂದುವರಿಸಿತು. ಅಮೆರಿಕದಲ್ಲಿ 1968ರ ಫಾರ್ಮಿಂಗ್ಟನ್ ಸ್ಫೋಟ 78 ಜನರನ್ನು ಬಲಿತೆಗೆದುಕೊಂಡ ಮೇಲೆ ಬಂದ 1969ರ ಕಾಯಿದೆ, ನೆಲದಡಿಯ ಯಂತ್ರಗಳಿಗೆ ಇಂತಹ ದ್ರವ ಮತ್ತು ಅಗ್ನಿಶಾಮಕ ಸಾಧನಗಳ ವಿಷಯದಲ್ಲಿ ನಿಯಮ ವಿಧಿಸಿತು.

ಇನ್ನು ತೆರೆದ ಗಣಿಗಳ ಮಾತು. ಮೈಸೂರಿನ ಬೆಮೆಲ್ ಕಾರ್ಖಾನೆಯ ಡಂಪರುಗಳನ್ನು ಬಲ್ಲವರಿಗೆ ಅವುಗಳ ಗಾತ್ರ ಗೊತ್ತು. ಚಾಲಕ ಮಹಡಿಯ ಎತ್ತರದಲ್ಲಿ ಕುಳಿತಿರುತ್ತಾನೆ. ಎಂಜಿನ್ನು ಅವನ ಕೆಳಗೆ. ಇಳಿಯುವ ಏಣಿಯೂ ಅದರ ಪಕ್ಕದಲ್ಲಿಯೇ. ಕೆಂಪಗೆ ಕಾದ ಟರ್ಬೊಚಾರ್ಜರಿನ ಮೇಲೆ ಸೀಳಿದ ಕೊಳವೆಯಿಂದ ಎಣ್ಣೆ ಚಿಮ್ಮಿದರೆ, ಆತನಿಗೆ ಬೆಂಕಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ಕಾಣುವ ಕೆಲಸವನ್ನು ಯಂತ್ರಕ್ಕೇ ವಹಿಸಬೇಕಾಯಿತು.

ಕಟ್ಟಡಗಳಲ್ಲಿರುವ ಹೊಗೆ ಪತ್ತೆಯ ಸಾಧನ ಇಲ್ಲಿ ನಡೆಯದು; ಧೂಳು, ಹೊಗೆಗಳೇ ಅಲ್ಲಿನ ನಿತ್ಯದ ವಾತಾವರಣ. ಹಾಗಾಗಿ ಶಾಖವನ್ನು ನೆಚ್ಚಿದರು. ಒಂದು ಉಪಾಯದಲ್ಲಿ, ಹೊದಿಕೆಯುಳ್ಳ ಎರಡು ತಂತಿಗಳನ್ನು ಹೆಣೆದು ಎಂಜಿನ್ನಿನ ಸುತ್ತ ಹಾಯಿಸುತ್ತಾರೆ. ಹೊದಿಕೆ ಕರಗಿದರೆ ತಂತಿಗಳು ಕೂಡಿ ಸಂಕೇತ ಹೊರಡುತ್ತದೆ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇನ್ನೊಂದು: ಒತ್ತಡ ತುಂಬಿದ ಪ್ಲಾಸ್ಟಿಕ್ ನಳಿಕೆ. ಬೆಂಕಿ ಎಲ್ಲಿ ಸುಡುತ್ತದೆಯೋ ಅಲ್ಲಿ ಅದು ಒಡೆಯುತ್ತದೆ, ಒತ್ತಡ ಇಳಿಯುತ್ತದೆ, ಅಷ್ಟರಿಂದಲೇ ಶಾಮಕದ ಕವಾಟ ತೆರೆಯುತ್ತದೆ. ವಿದ್ಯುತ್ತು ಬೇಕಿಲ್ಲ.

ಒಣಪುಡಿ ಎರಚಿದರೆ ಜ್ವಾಲೆ ಕ್ಷಣದಲ್ಲಿ ಆರುತ್ತದೆ, ಕಾದ ಲೋಹ ಮಾತ್ರ ತಣಿಯುವುದಿಲ್ಲ; ಎಣ್ಣೆ ಸುರಿಯುತ್ತಿದ್ದರೆ ಮತ್ತೆ ಹೊತ್ತುತ್ತದೆ. ನೊರೆ ತಣಿಸುತ್ತದೆ, ಆದರೆ ಸಂದುಗೊಂದುಗಳಿಗೆ ಪುಡಿಯಷ್ಟು ಬೇಗ ನುಗ್ಗದು. ಆದ್ದರಿಂದ ಎರಡನ್ನೂ ಕೂಡಿಸಿದ ವ್ಯವಸ್ಥೆಗಳಿವೆ. ಅಚ್ಚುಮೆಚ್ಚಾಗಿದ್ದ ಹ್ಯಾಲನ್ ಅನಿಲಗಳು ಓಜೋನ್ ಪದರಕ್ಕೆ ಕುತ್ತೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಿಂದೆ ಸರಿದವು.

ಅತಿ ಕಠಿಣವಾದ ಪ್ರಶ್ನೆ ಎಂಜಿನ್ನಿನದು. ಅದು ಓಡುತ್ತಿರುವಷ್ಟು ಹೊತ್ತೂ ಎಣ್ಣೆ ಬೆಂಕಿಗೆ ಸುರಿಯುತ್ತಿರುತ್ತದೆ, ಹಾಗಾಗಿ ಅದನ್ನು ನಿಲ್ಲಿಸಲೇಬೇಕು. ಆದರೆ ನೂರು ಟನ್ ಹೊತ್ತು ಇಳಿಜಾರಿನಲ್ಲಿರುವ ವಾಹನದ ಎಂಜಿನ್ನು ಥಟ್ಟನೆ ನಿಂತರೆ ಚಾಲಕನ ಕೈಯಲ್ಲಿ ಚುಕ್ಕಾಣಿ ಎಷ್ಟು ಹೊತ್ತು ಉಳಿದೀತು? ಅದಕ್ಕೆಂದೇ ಎಚ್ಚರಿಕೆಯ ಗಂಟೆಗೂ ಎಂಜಿನ್ನು ನಿಲ್ಲುವುದಕ್ಕೂ ನಡುವೆ ಕೆಲವು ಕ್ಷಣಗಳ ಅವಕಾಶವಿಡುವುದುಂಟು, ಗಾಡಿಯನ್ನು ನಿಲ್ಲಿಸಿಕೊಳ್ಳಲೆಂದು. ಕೈಯಿಂದ ಒತ್ತುವ ಗುಂಡಿಗಳೂ ಇರುತ್ತವೆ: ಒಂದು ಚಾಲಕನ ಪಕ್ಕದಲ್ಲಿ, ಇನ್ನೊಂದು ನೆಲದಲ್ಲಿ ನಿಂತವನ ಕೈಗೆ ಎಟುಕುವಂತೆ.

ಸಂಡೂರಿನ ಕಡೆ ಗಣಿಗಳಲ್ಲಿ, ಬೆಮೆಲ್ಲಿನಲ್ಲಿ ದುಡಿದ ನನ್ನ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಕ್ಷಣಗಳನ್ನು ನಿಮ್ಮ ಯಂತ್ರಗಳಲ್ಲಿ ಎಷ್ಟಕ್ಕೆ ಇಟ್ಟಿದ್ದರು, ಯಾಕೆ ಎಂಬುದನ್ನು ದಯವಿಟ್ಟು ಬರೆದು ತಿಳಿಸಿರಿ.