ಯಾರ ಅರಿಶಿನ, ಯಾರ ಗಂಧ?

ಎರಡು ಚಮಚ ಹೆಸರುಹಿಟ್ಟು, ಒಂದು ಚಿಟಿಕೆ ಕಸ್ತೂರಿ ಅರಿಶಿನ, ಕಲಸಲು ಹಾಲಿನ ಕೆನೆ. ಬೇಕೆನಿಸಿದರೆ ಸಾಣೆಕಲ್ಲಿನ ಮೇಲೆ ತೇಯ್ದ ಗಂಧ, ಒಣಗಿಸಿ ಪುಡಿ ಮಾಡಿದ ನೆಲ್ಲಿಕಾಯಿ. ಮನೆಯಲ್ಲೇ ಮಾಡಿಕೊಳ್ಳುವ ಮುಖಲೇಪದ ಈ ಪಟ್ಟಿ ನಮಗೆಲ್ಲ ಬಾಯಿಪಾಠ. ಅದರ ಜೊತೆಗೆ ಎರಡು ಮಾತುಗಳೂ ತಪ್ಪದೆ ಬರುತ್ತವೆ: ಇದು ಅಜ್ಜಿಯ ಕಾಲದ್ದು, ಇದಕ್ಕೆ ಖರ್ಚಿಲ್ಲ. ಹಳೆಯದು ಎನ್ನುವುದು ನಿಜವೇ. ಆದರೆ ಯಾವ ಅಜ್ಜಿಯ ಕಾಲದ್ದು, ಖರ್ಚನ್ನು ಯಾರು ಹೊತ್ತರು ಎಂದು ಕೇಳಿದರೆ ಉತ್ತರ ಅಷ್ಟು ಸರಳವಾಗಿಲ್ಲ.

ಮೊದಲು ಈ ಲೇಪದ ಜಾಣತನವನ್ನು ಒಪ್ಪಿಕೊಳ್ಳೋಣ. ನಮ್ಮಲ್ಲಿ ಮುಖ ತೊಳೆಯುವುದು ಅಭ್ಯಂಜನದಿಂದ ಬೇರೆಯಾಗಿರಲಿಲ್ಲ. ಮೊದಲು ಎಣ್ಣೆ, ಆಮೇಲೆ ಹಿಟ್ಟು. ಎಣ್ಣೆ ಚರ್ಮದ ಕೊಳೆಯನ್ನು ಸಡಿಲಿಸುತ್ತದೆ, ಹೆಸರುಹಿಟ್ಟು ಅಥವಾ ಕಡಲೆಹಿಟ್ಟು ಹೆಚ್ಚಿನ ಎಣ್ಣೆಯನ್ನು ಹೀರಿಕೊಂಡು, ಉಜ್ಜುವಾಗ ಕೊಳೆಯನ್ನೂ ಎತ್ತಿಕೊಂಡು ಬರುತ್ತದೆ. ಅರಿಶಿನದ ಹಳದಿಗೆ ಕಾರಣವಾದ ಕುರ್ಕ್ಯುಮಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಅದನ್ನು ಕೆನೆಯಲ್ಲೋ ಎಣ್ಣೆಯಲ್ಲೋ ಕಲಸಿದವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು.

ಆದರೆ ಆ ಕೈಗಳು ಬರೆದಿಟ್ಟ ಪುಸ್ತಕಗಳು ನಮಗೆ ಸಿಗುವುದಿಲ್ಲ. ಸಿಗುವುದು ಅರಮನೆಯ ಸುತ್ತಮುತ್ತ ಹುಟ್ಟಿದವು. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಕಾಲದಲ್ಲಿ, ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ ಒಂದು ಬಗೆಯ ಮನೆವಾರ್ತೆಯ ವಿಶ್ವಕೋಶ. ನೀರಿನ ಸೆಲೆ ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ, ಸುಗಂಧದ್ರವ್ಯಗಳ ತಯಾರಿಕೆ ಎಲ್ಲವೂ ಅದರಲ್ಲಿವೆ. ಸುಮಾರು ನೂರು ವರ್ಷಗಳ ನಂತರ ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅದರಲ್ಲಿ ರಾಜನ ಭೋಗಗಳ ಸಾಲಿನಲ್ಲಿ ಸ್ನಾನಭೋಗವೂ ವಿಲೇಪನಭೋಗವೂ ಇವೆ. ಗಂಧ, ಕುಂಕುಮಕೇಸರಿ, ಕಸ್ತೂರಿ, ಕರ್ಪೂರಗಳ ಆ ಲೋಕದಲ್ಲಿ ಮೈಯೊಡ್ಡಿ ಕೂತವನು ರಾಜ. ಅರೆದವರು, ತೇಯ್ದವರು, ಉಜ್ಜಿದವರು ಪರಿಚಾರಕರು. ನಾವು ಇಂದು ‘ಮನೆಮದ್ದು’ ಎಂದು ಕರೆಯುವ ಅರಿವಿಗೆ ಸಿಕ್ಕ ಬರಹದ ಚರಿತ್ರೆ, ಹೀಗೆ, ಬಹುಪಾಲು ಹಚ್ಚಿಸಿಕೊಂಡವರ ಚರಿತ್ರೆ.

ಅರಿಶಿನದ ಕಡೆ ಬರೋಣ. ನಮ್ಮ ಅನೇಕ ಜಾತಿಗಳಲ್ಲಿ ಹೆಂಗಸಿನ ಕೆನ್ನೆಯ ಅರಿಶಿನ ಬರೀ ಕಾಂತಿಗಾಗಿ ಇರಲಿಲ್ಲ, ಅದು ಅವಳ ಗಂಡ ಬದುಕಿದ್ದಾನೆಂಬ ಸಾರ್ವಜನಿಕ ಪ್ರಕಟಣೆಯಾಗಿತ್ತು. ತವರಿನವರು ಮಗಳ ಹೆಸರಿಗೆ ಮಾಡಿಕೊಡುವ ಜಮೀನಿಗೂ ‘ಅರಿಶಿನ ಕುಂಕುಮಕ್ಕೆ ಕೊಟ್ಟದ್ದು’ ಎನ್ನುವ ಹೆಸರಿದೆ. ಗಂಡ ಸತ್ತ ದಿನ ಅದೇ ಅರಿಶಿನ ಅವಳ ಪಾಲಿಗೆ ನಿಷಿದ್ಧ. ಅವಳು ಮನೆಮಂದಿಗೆಲ್ಲ ಅರೆದುಕೊಡಬಹುದಿತ್ತೇನೋ, ತಾನು ಹಚ್ಚಿಕೊಳ್ಳುವಂತಿರಲಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಬಾಲವಿಧವೆಯ ಬದುಕಿನಿಂದ ಏನೇನು ಕಿತ್ತುಕೊಳ್ಳಲಾಗುತ್ತಿತ್ತು ಎಂದು ಹೇಳಬೇಕಾಗಿಲ್ಲ. ಆದ್ದರಿಂದ ‘ಅಜ್ಜಿಯ ಸೌಂದರ್ಯದ ಗುಟ್ಟು’ ಎನ್ನುವಾಗ ಎಷ್ಟೋ ಅಜ್ಜಿಯರು ಆ ಮಾತಿನಿಂದ ಸದ್ದಿಲ್ಲದೆ ಹೊರಗುಳಿಯುತ್ತಾರೆ.

ಇದೇ ಅರಿಶಿನಕ್ಕಾಗಿ ನಾವು ಜಗತ್ತಿನ ಮುಂದೆ ಜಗಳವಾಡಿ ಗೆದ್ದಿದ್ದೇವೆ. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 1995ರಲ್ಲಿ ಪೇಟೆಂಟ್ ಸಿಕ್ಕಿತು. ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ, ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳೂ ಸೇರಿದಂತೆ 32 ಆಧಾರಗಳನ್ನು ಒದಗಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಇದು ನಮ್ಮೆಲ್ಲರ ಅರಿವು, ಒಬ್ಬರ ಸ್ವತ್ತಲ್ಲ ಎನ್ನುವುದು ನಮ್ಮ ವಾದ. ನ್ಯಾಯವಾದ ವಾದವೇ. ಆದರೆ ಹೊರಗಿನವರೆದುರು ‘ನಮ್ಮೆಲ್ಲರದು’ ಎಂದ ಅರಿಶಿನ, ಮನೆಯೊಳಗೆ ಎಲ್ಲರದೂ ಆಗಿರಲಿಲ್ಲ.

ಗಂಧದ ಕತೆ ಬೇರೆ. ಅಲ್ಲಿ ಬೇಲಿ ಹಾಕಿದ್ದು ಸರ್ಕಾರ. 1792ರಲ್ಲಿ ಟಿಪ್ಪು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ, ಆಳುವವರು ಬದಲಾದರೂ ಆ ಒಡೆತನ ಸಡಿಲಾಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಕೊರಡು ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಮೈಸೂರು ಸಂಸ್ಥಾನ 1916ರಲ್ಲಿ ಇಲ್ಲೇ ಗಂಧದೆಣ್ಣೆ ತೆಗೆಯತೊಡಗಿತು. ಭಾರತೀಯ ವಿಜ್ಞಾನ ಮಂದಿರದ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳು ಅದಕ್ಕೆ ನೆರವಾದರು. ಬೆನ್ನಿಗೇ ಬೆಂಗಳೂರಿನ ಸಾಬೂನು ಕಾರ್ಖಾನೆ ಬಂತು. ಸೋಸಲೆ ಗರಳಪುರಿ ಶಾಸ್ತ್ರಿಗಳು ರೂಪಿಸಿದ ಮೈಸೂರು ಸ್ಯಾಂಡಲ್ ಸೋಪು ರಾಜನ ವಿಲೇಪನವನ್ನು ಮಧ್ಯಮವರ್ಗದ ಬಚ್ಚಲಿಗೆ ತಂದಿತು. ಅದು ಸಣ್ಣ ಸಾಧನೆಯಲ್ಲ. ಆದರೆ ತನ್ನ ಹೊಲದ ಬದುವಿನಲ್ಲಿ ತಾನೇ ಬೆಳೆದ ಗಂಧದ ಮರ ರೈತನದಾಗಲು 2001ರ ಕಾಯಿದೆ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಹಿತ್ತಲಿನಲ್ಲಿ ಗಂಧದ ಸಸಿ ಕಂಡರೆ ಖುಷಿಗಿಂತ ಗಾಬರಿಯೇ ಹೆಚ್ಚು.

ಇನ್ನು ನೆಲ್ಲಿ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿ, ಸೀಗೆ, ಅಂಟುವಾಳ, ಜೇನು ಸಂಗ್ರಹಿಸಿ ತಮ್ಮ ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದರು. 2002ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾದ ನಂತರ, ಮಾರಾಟಕ್ಕಾಗಿ ಕಾಡಿನ ಹುಟ್ಟುವಳಿ ತೆಗೆಯುವುದಕ್ಕೆ ಅಲ್ಲಿ ತಡೆ ಬಿತ್ತು. 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು ಅವರು ನಡೆಸಿದ ಪ್ರಯತ್ನದ ಫಲವಾಗಿ 2011ರಲ್ಲಿ ಸಮುದಾಯದ ಹಕ್ಕುಪತ್ರಗಳು ಬಂದವು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಪೇಟೆಯ ಅಂಗಡಿಯಲ್ಲಿ ‘ಶುದ್ಧ ನೈಸರ್ಗಿಕ’ ಎಂಬ ಚೀಟಿ ಹೊತ್ತು ಕೂತ ನೆಲ್ಲಿಪುಡಿಯ ಹಿಂದೆ ಇಂಥ ಅರ್ಜಿ, ಸಭೆ, ಅಲೆದಾಟಗಳಿರಬಹುದೆಂದು ಆ ಚೀಟಿ ಹೇಳುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಲೇಪ ಹಚ್ಚಿಕೊಳ್ಳಬೇಡಿ ಎನ್ನುವುದಕ್ಕಲ್ಲ. ಹೆಸರುಹಿಟ್ಟು ಈಗಲೂ ಅಗ್ಗ, ಬಹಳ ಮಂದಿಯ ಮುಖಕ್ಕೆ ಒಗ್ಗುತ್ತದೆ. ನನ್ನ ತಕರಾರು ‘ನೈಸರ್ಗಿಕ’ ಎಂಬ ಪದದ ಬಗ್ಗೆ. ಹಿಂದೆ ಎಲ್ಲರೂ ಪ್ರಕೃತಿಯ ಮಡಿಲಲ್ಲಿದ್ದರು, ಕಂಪನಿಗಳು ಬಂದು ಕೆಡಿಸಿದವು ಎಂಬ ಸಲೀಸಾದ ಕತೆಯನ್ನು ಆ ಪದ ನಮ್ಮಿಂದ ನಂಬಿಸುತ್ತದೆ. ಬೇಲಿಗಳು ಕಂಪನಿಗಳಿಗಿಂತ ಹಳೆಯವು. ಕೆಲವನ್ನು ಧರ್ಮ ಹಾಕಿತ್ತು, ಕೆಲವನ್ನು ಅರಮನೆ, ಕೆಲವನ್ನು ಅರಣ್ಯ ಇಲಾಖೆ. ಅವು ಅಲ್ಲಲ್ಲಿ ಮುರಿದದ್ದೂ ತಾನಾಗಿ ಅಲ್ಲ. ಗಂಡ ತೀರಿದ ಮೇಲೂ ಅರಿಶಿನ ಬಿಡೆನೆಂದ ಹೆಂಗಸರಿಂದ, ಹಕ್ಕುಪತ್ರ ಕೇಳಿದ ಸೋಲಿಗರಿಂದ. ಅಜ್ಜಿಯ ಬಟ್ಟಲನ್ನು ಮತ್ತೆ ಕೈಗೆತ್ತಿಕೊಳ್ಳುವವರು ಈ ಚರಿತ್ರೆಯನ್ನೂ ಜೊತೆಗೆ ಎತ್ತಿಕೊಳ್ಳುವುದು ಒಳ್ಳೆಯದು.