ಯಾರ ಕಾಲಜ್ಞಾನ?

ಅಬ್ಬಿಗೇರಿಯಿಂದ ಬೆಟಗೇರಿಯ ಜರ್ಮನ್ ಆಸ್ಪತ್ರೆಗೆ ಅಜ್ಜಿ ಜೊತೆ ಹೋಗ್ತಿದ್ದೆ. ನಮ್ಮ ಕಡೆ ಜರ್ಮನ್ನರು ಯಾಕೆ ಬಂದ್ರು ಅನ್ನೋ ಪ್ರಶ್ನೆ ಹುಟ್ಟಿದ್ದು ಬೆಂಗಳೂರು ಸೇರಿದ ಮೇಲೆ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಕಾಲಜ್ಞಾನ ನಂಬಿದ್ದ ಇಲ್ಲಿನ ಒಂದು ಪಂಥದವರು, ನಮ್ಮ ಗ್ರಂಥ ಹೇಳಿದವರು ಇವರೇ ಅಂದುಕೊಂಡರು. ಅವರನ್ನೇ ನೆಚ್ಚಿ ಹರ್ಮನ್ ಮೋಗ್ಲಿಂಗ್ ಗದಗ ಪಕ್ಕದ ಮಲ್ಲಸಮುದ್ರದಲ್ಲಿ ಕ್ರೈಸ್ತರ ಊರು ಕಟ್ಟಲು ಹೊರಟರು. ನೆಚ್ಚಿದವರಲ್ಲಿ ಹೆಚ್ಚಿನವರು ಬರಲೇ ಇಲ್ಲ.

ಪಾದ್ರಿಗಳಿಗೆ ಅದು ಬರೀ ಮೂಢನಂಬಿಕೆ ಅನ್ನಿಸಿರಬಹುದು. ಆದರೆ ಯೇಸುವೇ ಮೆಸ್ಸೀಯ ಅನ್ನೋದಕ್ಕೆ ಕ್ರೈಸ್ತರು ಕೊಡುತ್ತಿದ್ದ ದೊಡ್ಡ ಆಧಾರವೂ ಯೆಶಾಯನ ಪ್ರವಾದನೆ ತಾನೇ? ಅದೂ ಒಂದು ಕಾಲಜ್ಞಾನ!

ಅಜ್ಜಿಗೆ ಎರಡೂ ಗೊತ್ತಿರಲಿಲ್ಲ. “ಆ ದವಾಖಾನಿ ಕೈಗುಣ ಛಲೋ ಐತಿ” ಅಂತಿದ್ದಳು, ಅಷ್ಟೇ.